ಮೂಲೆಮಟ್ಟ

ನಮ್ಮ ವೆಸ್ಟ್ರೇ ದ್ವೀಪದಲ್ಲಿ ಮರ ಬೆಳೆಯುವುದಿಲ್ಲ,
ಗಾಳಿ ಬೆಳೆಯಗೊಡುವುದಿಲ್ಲ. ತೊಲೆ, ಹಲಗೆ, ರೀಪು,
ಕೊನೆಗೆ ಶವಪೆಟ್ಟಿಗೆ ಕೂಡ
ಕರ್ಕ್‌ವಾಲ್‌ನಿಂದ ಹಡಗು ಹತ್ತಿಯೇ ಬರಬೇಕು.
ಹಾಗೇ ಬಂತು, ಒದ್ದೆ ರಟ್ಟಿನ ಪೆಟ್ಟಿಗೆಯಲ್ಲಿ,
ನೂರಾ ಹತ್ತೊಂಬತ್ತು ಪೌಂಡಿನ
ಜಾರುವ ಮೈಟರ್ ಗರಗಸ.

ಕಾಸಿಗೆ ತಕ್ಕ ಕಜ್ಜಾಯ ಅಂದುಕೊಂಡೇ ಬಿಚ್ಚಿದೆ.
ಡಿಗ್ರಿಯ ಪಟ್ಟಿ ಬರೀ ಸ್ಟಿಕ್ಕರು, ಅದನ್ನೂ ಯಾರೋ
ಊಟದ ಗಂಟೆ ಬಾರಿಸಿದ ಮೇಲೆ ಅಂಟಿಸಿದಂತಿತ್ತು.
ಕೆಂಪು ಲೇಸರ್ ಗೆರೆ ಒಂದು ಕಡೆ,
ಅಲಗು ಇಳಿಯುವುದು ಇನ್ನೊಂದು ಕಡೆ.
ತಲೆಯನ್ನು ಹಳಿಯ ತುದಿಯವರೆಗೆ ಎಳೆದು
ಕಿರುಬೆರಳಲ್ಲಿ ಪಕ್ಕಕ್ಕೆ ನೂಕಿದೆ.
ಅಲುಗಿತು. ಹೆಚ್ಚಲ್ಲ,
ಬೀಳಲು ಇನ್ನೂ ವಾರವಿರುವ ಹಾಲುಹಲ್ಲಿನಷ್ಟು.

ಪರೀಕ್ಷೆಗೆ ಮರ ಬೇಕು. ಅದೇ ಸಂಕಟ.
ಇಪ್ಪತ್ತಾರು ವರ್ಷ ಹಡಗುಕಟ್ಟೆಯಲ್ಲಿ ಟಿಕೆಟ್ ಹರಿದವಳು,
ಒಂದೊಂದು ಹಲಗೆಯ ಸಾಗಣೆ ದರ ನನಗೆ ಬಾಯಿಪಾಠ.
ಕಡಲು ದಡಕ್ಕೆಸೆದ ಪೈನ್ ಹಲಗೆಯೊಂದಿತ್ತು,
ಉಪ್ಪು ಕುಡಿದು ಬೆಳ್ಳಗಾದದ್ದು.
ಮೊಳೆ ಕಿತ್ತು ಅದನ್ನೇ ಮಲಗಿಸಿದೆ.

ಎರ್ಲೆಂಡ್ ತನ್ನಜ್ಜನ ಮೂಲೆಮಟ್ಟ ಕೊಟ್ಟಿದ್ದ,
ಕರಿಮರದ ಹಿಡಿ, ಹಿತ್ತಾಳೆಯ ಅಂಚು,
ಎಣ್ಣೆಬಟ್ಟೆಯಲ್ಲಿ ಸುತ್ತಿ, ಕೂಸನ್ನು ಕೊಡುವ ಹಾಗೆ.
ಹನ್ನೊಂದು ದೋಣಿ ಕಟ್ಟಿದ್ದಾನೆ ಅದರಲ್ಲಿ.
"ಇದು ಸುಳ್ಳಾಡೋದಿಲ್ಲ, ಮೆರನ್."

ಕತ್ತರಿಸಿದೆ, ಮಟ್ಟ ಹಿಡಿದೆ, ದೀಪಕ್ಕೆ ಎತ್ತಿದೆ:
ಸಂದಿನಲ್ಲಿ ಕೂದಲೆಳೆ ಬೆಳಕು.
ಅಡಿಯ ನಾಲ್ಕು ತಿರುಪು ಸಡಿಲಿಸಿ,
ಒಂದಿಷ್ಟು ತಿರುಗಿಸಿ, ಬಿಗಿದು, ಮತ್ತೆ ಕತ್ತರಿಸಿದೆ.
ಮೂರು ಸಂಜೆ. ಹಲಗೆ ಮೊಳವಾಯಿತು, ಗೇಣಾಯಿತು,
ಶೆಡ್ಡಿನ ತುಂಬ ಹೊಟ್ಟು, ಮೂಗಿನಲ್ಲಿ ಪೈನು.
ಕೊನೆಗೆ ಬೆಳಕು ಮುಚ್ಚಿತು.
ಗೆದ್ದೆ ಅಂದುಕೊಂಡು ಒಳಗೆ ಹೋಗಿ
ಕೋಣೆಯ ಸುತ್ತುಪಟ್ಟಿ ಜೋಡಿಸಿದರೆ
ಒಂದು ತುಂಡೂ ಇನ್ನೊಂದಕ್ಕೆ ಕೂಡಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನನ್ನ ಮನೆಯಲ್ಲಿ ನೆಲ ನಿಜಕ್ಕೂ ಡೊಂಕು,
ಗೋಡೆಯೂ. ಅದಕ್ಕೇ ಮೊದಲು ಅವನ್ನೇ ಬೈದೆ.
ಆಮೇಲೆ ಗರಗಸವನ್ನು, ಮಾರಿದವರನ್ನು,
ಅಗ್ಗ ಕಂಡರೆ ಕೈ ಚಾಚುವ ನನ್ನನ್ನು.

ರಾತ್ರಿ ಹನ್ನೊಂದಕ್ಕೆ, ಜೂನಿನ ಬೆಳಕು ಇನ್ನೂ ಇತ್ತು,
ಉಳಿದ ಗೇಣನ್ನು ಎರಡು ಮಾಡಿ
ಒಂದನ್ನು ಮಗುಚಿ ಇನ್ನೊಂದಕ್ಕೆ ಒತ್ತಿದೆ.
ಈ ಪರೀಕ್ಷೆಗೆ ಯಾರ ಮಟ್ಟವೂ ಬೇಡ,
ತಪ್ಪಿದ್ದರೆ ಇಮ್ಮಡಿಯಾಗಿ ತೋರುತ್ತದೆ.
ತೋರಿತು. ನಾಣ್ಯ ತೂರುವಷ್ಟು.

ಮತ್ತೆ ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ.
ಎಣ್ಣೆಬಟ್ಟೆ ಬಿಚ್ಚಿ, ಮೇಜಿನ ಅಂಚಿಗೆ ಮಟ್ಟವಿಟ್ಟು
ಪೆನ್ಸಿಲಿನಲ್ಲಿ ಒಂದು ಗೆರೆ.
ಮಟ್ಟವನ್ನು ಮಗುಚಿ, ಅಲ್ಲಿಂದಲೇ, ಇನ್ನೊಂದು.
ಎರಡೂ ಜೊತೆಯಾಗಿ ಹೊರಟು
ಮೇಲೆ ಹೋಗುತ್ತ ಬೇರೆಯಾದವು.

ತಿರುಪುಗಳನ್ನು ಮೊದಲಿದ್ದಲ್ಲಿಗೇ ತಂದೆ.

ಶನಿವಾರ ಹಿಂತಿರುಗಿಸಲು ಹೋದಾಗ
ಅವನು ಬಲೆ ಹೊಲಿಯುತ್ತ ಕೂತಿದ್ದ.
"ಹೇಗಿದೆ ನಿನ್ನ ಅಗ್ಗದ್ದು?"
ಅಲಗು ಬದಲಿಸಬೇಕು, ಅಂದೆ, ಅಂಚು ಹರಿಯುತ್ತೆ.
ಅಗಲದ ಹಲಗೆಗೆ ತುದಿಯಲ್ಲಿ ನಡುಕ.
ಮೂಲೆ ಮಾತ್ರ ಸರಿಯಾಗಿದೆ.
"ಇದರ ಪ್ರಕಾರ?"
ನಾನು ಹಡಗುಕಟ್ಟೆಯ ಕಡೆ ನೋಡಿದೆ.
ಅವನ ಒಂಬತ್ತನೆಯ ದೋಣಿ ಅಲ್ಲಿ ಕಟ್ಟಿತ್ತು,
ಕೊಂಚ ಎಡಕ್ಕೆ ಎಳೆಯುವಂಥದು,
ಎಲ್ಲರೂ ಸೆಳೆತದ ದೋಷ ಅನ್ನುವಂಥದು.

ಅವನು ಬಟ್ಟೆ ಬಿಚ್ಚಿ ಹಿತ್ತಾಳೆಯ ಮೇಲೆ ಹೆಬ್ಬೆರಳು ಓಡಿಸಿದ.
"ಎಪ್ಪತ್ತನಾಲ್ಕರಲ್ಲಿ ಒಮ್ಮೆ ಬಿದ್ದಿತ್ತು," ಅಂದ,
"ಕಲ್ಲಿನ ಮೇಲೆ. ಆಮೇಲೆ ನಾನು
ಮಗುಚಿ ನೋಡಲಿಲ್ಲ."